ಬೈಬಲ್ಲಿನ ತೈಲವೂ ಸೀಸೆಯ ಸತ್ತ್ವವೂ

ಬೈಬಲ್ಲಿನಲ್ಲಿ ಹೇಳಿದ ತೈಲಗಳೆಂದು ಹೊಗಳಿ ಸುಗಂಧಸತ್ತ್ವದ ಸೀಸೆಗಳನ್ನು ಮಾರುವ ರೂಢಿ ಈಗ ಬಹಳವಾಗಿದೆ. ದೇವಗ್ರಂಥದಲ್ಲಿ ಹೆಸರಿರುವುದರಿಂದ ಇವು ನಿರಪಾಯವೆಂದು ನಂಬುವ ಗೃಹಸ್ಥರೂ ಉಂಟು. ಈ ವಿಷಯದಲ್ಲಿ ವಾಚಕರೊಡನೆ ಎರಡು ಮಾತುಗಳನ್ನಾಡಬಯಸುತ್ತೇವೆ.

ಲೂಕನ ಸುವಾರ್ತೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನು. ಅಂದಿನ ಎಣ್ಣೆಯೆಂದರೆ ಆಲಿವ್ ಕಾಯಿಗಳನ್ನು ಅರೆದು ಹಿಂಡಿದುದು. ವಿಮೋಚನಕಾಂಡದ ಅಭಿಷೇಕತೈಲಕ್ಕೆ 500 ಶೆಕೆಲ್ ರಕ್ತಬೋಳ, 250 ಶೆಕೆಲ್ ದಾಲ್ಚಿನ್ನಿ ಮೊದಲಾದುವು ಬೇಕಾಗಿದ್ದರೂ ಅವು ಸೇರುತ್ತಿದ್ದುದು ಆಲಿವ್ ಎಣ್ಣೆಯಲ್ಲಿಯೇ. ಅದನ್ನು ಸಾಮಾನ್ಯರ ಮೈಗೆ ಹಚ್ಚುವುದು ನಿಷಿದ್ಧವಾಗಿದ್ದಿತು. ಮರಿಯಳು ಯೇಸುವಿನ ಪಾದಗಳಿಗೆ ಹಚ್ಚಿದ ಜಟಾಮಾಂಸಿಯ ತೈಲದ ಬೆಲೆ 300 ದಿನಾರಿ. ಕೂಲಿಯಾಳಿನ ಹೆಚ್ಚುಕಡಿಮೆ ಒಂದು ವರ್ಷದ ಸಂಪಾದನೆ. ಆ ಬೇರು ಹಿಮಾಲಯದಿಂದ ಹೋದುದೆಂದು ಬಲ್ಲವರ ಮತ.

ನಮ್ಮ ಮನೆಗಳಲ್ಲಿ ತಲೆಗೆ ಎಣ್ಣೆ ಕಾಸುವಂತೆ, ಅಂದಿನವರೂ ಬೇರು ತೊಗಟೆಗಳ ಪರಿಮಳವನ್ನು ಎಣ್ಣೆಗೆ ಇಳಿಸುತ್ತಿದ್ದರು. ಹಬೆಯಿಂದ ಬಟ್ಟಿಯಿಳಿಸಿದ ಸತ್ತ್ವವು ಅದಕ್ಕಿಂತ ಎಷ್ಟೋ ಪಾಲು ತೀಕ್ಷ್ಣವಾದುದು. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆಗಳನ್ನು ಒಂದು ಚಮಚದಷ್ಟು ನುಂಗಿದರೂ ಎಳೆಯ ಮಕ್ಕಳಿಗೆ ಸೆಳೆವು ಬರಬಹುದು, ಎಚ್ಚರ ತಪ್ಪಬಹುದು. ಆಗ ವಾಂತಿ ಮಾಡಿಸದೆ, ಸೀಸೆಯೊಡನೆ ಮಗುವನ್ನು ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಸುವಾಸನೆಯನ್ನು ಬೇಡವೆನ್ನುವವರು ನಾವಲ್ಲ. ಆದರೆ ಸೀಸೆಯನ್ನು ಮಕ್ಕಳ ಕೈಗೆಟುಕದಂತೆ ಇಡಿರಿ. ವೈದ್ಯರನ್ನು ಕೇಳದೆ ಒಂದು ತೊಟ್ಟನ್ನೂ ಯಾರಿಗೂ ಕುಡಿಸಕೂಡದು.