ಗೋಡೆ ಯಾರದು?

ಬೋಧನಾಭ್ಯಾಸದ ಕೊನೆಯ ವಾರ ಶಾಲೆಯ ಗೋಡೆಗೆ ಚಿತ್ರ ಬರೆದು ಬರುವುದು ನಮ್ಮಲ್ಲಿ ರೂಢಿ. ಕಳೆದ ಸಲ ನಮ್ಮ ತಂಡ ಸೌರವ್ಯೂಹ ಬರೆಯಿತು. ಎಲ್ಲರೂ ಮೆಚ್ಚಿದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ, “ಮಿಸ್, ಅಲ್ಲಿ ನಮ್ಮ ಎತ್ತರದ ಗೆರೆ ಇದ್ವು” ಎಂದಳು. ಒಂದನೆಯ ತರಗತಿಯಿಂದ ಮಕ್ಕಳು ಇದ್ದಿಲಲ್ಲಿ ಹಾಕಿಕೊಂಡು ಬಂದಿದ್ದ ಗುರುತುಗಳವು. ಗಲೀಜು ಎಂದುಕೊಂಡು ನಾವೇ ಸುಣ್ಣ ಬಳಿದಿದ್ದೆವು. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದಿದ್ದೆವು, ಮಕ್ಕಳನ್ನು ಕೇಳಿರಲಿಲ್ಲ.

ಹೆಸರಾಂತ ಕಲಾವಿದರೂ ಹೀಗೆ ಎಡವಿದ್ದಾರೆ. ನೆದರ್‌ಲೆಂಡ್ಸ್‌ನ ಯೆರೂನ್ ಕೋಲ್ಹಾಸ್ ಮತ್ತು ಡ್ರೇ ಉರ್ಹಾನ್ ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ವಿಲಾ ಕ್ರುಜೇರೊ ಎಂಬ ಬಡವರ ಕೇರಿಯಲ್ಲಿ ಗಾಳಿಪಟ ಹಾರಿಸುವ ಹುಡುಗನ ದೊಡ್ಡ ಚಿತ್ರ ಬರೆಯಲು ಹೊರಟರು. ಮೊದಲು ಗೋಡೆಗೆಲ್ಲ ನೀಲಿ ಬಳಿದರು. ನೆರೆಯವರು ಸಿಟ್ಟಾದರು. ಅವರ ಪಾಲಿಗೆ ಅದು ಪೊಲೀಸ್ ಠಾಣೆಯ ಬಣ್ಣ!

ಆದರೆ ಆ ಇಬ್ಬರ ಜೊತೆ ಕೇರಿಯ ಹುಡುಗರೂ ಕೆಲಸಕ್ಕಿದ್ದರು. ಮುಂದೆ ಅದೇ ಅವರ ಪದ್ಧತಿಯಾಯಿತು. 2010ರಲ್ಲಿ ಅದೇ ನಗರದ ಸಾಂತಾ ಮಾರ್ತಾ ಕೇರಿಯ ಚೌಕದಲ್ಲಿ 34 ಮನೆಗಳಿಗೆ ಬಣ್ಣ ಹಚ್ಚಿದಾಗ ಅಲ್ಲಿನ ಯುವಕರಿಗೆ ತರಬೇತಿ ಕೊಟ್ಟು ಕೆಲಸ ಮಾಡಿಸಿದರು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಜರ್ಮನ್‌ಟೌನ್ ಅವೆನ್ಯೂ ಬೀದಿಯಲ್ಲಿ ಅಂಗಡಿಗಳ ಮುಂಭಾಗಕ್ಕೆ ಬಣ್ಣ ಹಾಕುವಾಗ ಒಬ್ಬೊಬ್ಬ ಮಾಲೀಕರ ಬಳಿಗೂ ಹೋಗಿ, ಅವರವರ ಕಟ್ಟಡದ ವಿನ್ಯಾಸಕ್ಕೆ ಒಪ್ಪಿಗೆ ಪಡೆದರು.

ಹೊರಗಿನವರು ಬರಲೇಬಾರದು ಎಂಬುದು ನನ್ನ ವಾದವಲ್ಲ. ಹೊಸಬರ ಕಣ್ಣಿಗೆ ಕಾಣುವುದು ಎಷ್ಟೋ ಸಲ ಅಲ್ಲಿಯವರಿಗೆ ಕಾಣುವುದಿಲ್ಲ. ಆದರೆ ದೇಶದಿಂದ ದೇಶಕ್ಕೆ ಹೋಗುವ ಕಲಾವಿದರ ಈ ವಿನಿಮಯವನ್ನು ಚಿತ್ರದ ಅಂದದಿಂದಷ್ಟೇ ಅಳೆಯಬಾರದು. ಅವರು ಹೊರಟ ಮೇಲೂ ಊರಿನಲ್ಲಿ ಕುಂಚ ಹಿಡಿಯಬಲ್ಲವರು ಉಳಿದರೇ ಎಂದು ಕೇಳಬೇಕು.

ಪ್ರಶಿಕ್ಷಣಾರ್ಥಿಗಳಾದ ನಾವೂ ಕೆಲವೇ ವಾರಗಳ ಅತಿಥಿಗಳು. ನಮ್ಮ ಅವಲೋಕನ ದಾಖಲೆಯಲ್ಲಿ ಶಾಲೆಯ ಕೊಠಡಿ, ಕಪ್ಪುಹಲಗೆ, ನಕ್ಷೆಗಳ ಲೆಕ್ಕವಿದೆ. ಗೋಡೆಯ ಮೇಲೆ ಮಕ್ಕಳು ಏನು ಬರೆದುಕೊಂಡಿದ್ದಾರೆ ಎಂಬುದಕ್ಕೆ ಜಾಗವಿಲ್ಲ. ಅದಕ್ಕೊಂದು ಪುಟ ಸೇರಿಸಬೇಕು. ಯಾವ ಚಿತ್ರ ಬೇಕೆಂದು ಮಕ್ಕಳೇ ಮೊದಲು ಕಾಗದದ ಮೇಲೆ ಬರೆದು ತೋರಿಸಲಿ. ಕುಂಚವನ್ನು ಅವರೂ ಹಿಡಿಯಲಿ. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ.

ನಮ್ಮ ಶನಿಗ್ರಹದ ಉಂಗುರ ಇಂದಿಗೂ ಚೆನ್ನಾಗಿಯೇ ಇರಬಹುದು. ಆ ಹುಡುಗಿ ಒಂದನೆಯ ತರಗತಿಯಲ್ಲಿ ಎಷ್ಟು ಎತ್ತರವಿದ್ದಳೆಂದು ಹೇಳುವ ಗೆರೆ ಮಾತ್ರ ಇನ್ನಿಲ್ಲ.