ಮನೆಗೆ ಮಾರಿ, ನೆರೆ ದೇಶಕ್ಕೆ ಉಪಕಾರಿ

2024ರ ಜುಲೈನಲ್ಲಿ ಢಾಕಾದ ವಿದ್ಯಾರ್ಥಿಗಳು ಬೀದಿಯಲ್ಲಿ ಗುಂಡೇಟು ತಿನ್ನುತ್ತಿದ್ದಾಗ ನಮ್ಮ ವಿದೇಶಾಂಗ ಸಚಿವಾಲಯ ಹೇಳಿದ್ದು ಇಷ್ಟೇ: ಅದು ಬಾಂಗ್ಲಾದೇಶದ ಆಂತರಿಕ ವಿಷಯ. ಮೂರು ವಾರ ತುಂಬುವ ಮೊದಲೇ, ಆಗಸ್ಟ್ 5ರಂದು, ಆ ಆಂತರಿಕ ವಿಷಯ ವಿಮಾನ ಹತ್ತಿ ದೆಹಲಿ ಪಕ್ಕದ ಹಿಂಡನ್ ವಾಯುನೆಲೆಗೆ ಬಂದಿಳಿಯಿತು. ಆ ದಿನಗಳಲ್ಲಿ ಪ್ರಾಣ ಕಳೆದುಕೊಂಡವರು 1,400ರಷ್ಟಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮರುವರ್ಷ ಅಂದಾಜಿಸಿತು. ಹಾಗೆ ಬಂದಿಳಿದ ಅಲ್ಲಿನ ಪ್ರಧಾನಿ ಶೇಖ್ ಹಸೀನಾಗೆ ಆಶ್ರಯ ಕೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಂಡು ಬಂದವರನ್ನು ಹೊರಗೆ ನಿಲ್ಲಿಸಲಾಗದು. ಆದರೆ ಅವರು ಕುರ್ಚಿಯಲ್ಲಿದ್ದಾಗ, ಮಕ್ಕಳ ಮೇಲೆ ಗುಂಡು ಹಾರಿಸಬೇಡಿ ಎಂದು ಒಂದು ಮಾತು ಬಹಿರಂಗವಾಗಿ ಹೇಳಬಹುದಿತ್ತು. ಹೇಳಲಿಲ್ಲ.

ಇಂಥ ಮೌನದ ಬೆಲೆ ಏನೆಂದು ರಾಯಚೂರು, ಮಾನ್ವಿ, ದೇವದುರ್ಗದ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 1947ರ ಆಗಸ್ಟ್ 15ರಂದು ತುಂಗಭದ್ರೆಯ ಆಚೆ ದಂಡೆಯಲ್ಲಿ ತ್ರಿವರ್ಣ ಧ್ವಜ ಹಾರಿತು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈಚೆ ದಂಡೆಯಲ್ಲಿ ಅದೇ ಧ್ವಜ ಹಿಡಿದವರಿಗೆ ನಿಜಾಮನ ಜೈಲು ಕಾದಿತ್ತು. ಅದಕ್ಕೂ ವಾರದ ಹಿಂದೆ, ಆಗಸ್ಟ್ 7ಕ್ಕೆ, ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಭಾರತಕ್ಕೆ ಸೇರಬೇಕೆಂದು ಸತ್ಯಾಗ್ರಹ ಶುರು ಮಾಡಿತ್ತು. ಊರು ಬಿಟ್ಟ ಹೋರಾಟಗಾರರು ಗಡಿಯಾಚೆ ಮುಂಡರಗಿ, ಗಜೇಂದ್ರಗಡದಲ್ಲಿ ಶಿಬಿರ ಹೂಡಿದರು. ದೆಹಲಿ ಏನು ಮಾಡಿತು? ನವೆಂಬರ್ 29ಕ್ಕೆ ಅದೇ ನಿಜಾಮನ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿತು. ಕಾಶ್ಮೀರ ಹೊತ್ತಿ ಉರಿಯುತ್ತಿದ್ದ ಕಾಲ, ನೆಹರೂ–ಪಟೇಲರಿಗೆ ಕಾರಣಗಳಿದ್ದವು, ಒಪ್ಪೋಣ. ನಿಜಾಮನ ಪರ ನಿಂತ ರಜಾಕಾರರ ಪಡೆಯ ಭಯಕ್ಕೆ ರಾತ್ರೋರಾತ್ರಿ ಹಳ್ಳಿ ಖಾಲಿ ಮಾಡಿದವರಿಗೆ ಆ ಕಾರಣಗಳಿಂದ ಏನು ಸಿಕ್ಕಿತು ಎಂಬ ಪ್ರಶ್ನೆಯಂತೂ ಉಳಿಯುತ್ತದೆ.

ಹೈದರಾಬಾದ್ ಬೇರೆ ದೇಶವೇ ಆಗಿರಲಿಲ್ಲ, ಆ ಹೋಲಿಕೆ ಏಕೆ ಎನ್ನುವವರಿದ್ದಾರೆ. 1948ರ ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ಸೇರಿದ್ದ ಭದ್ರತಾ ಮಂಡಳಿಯಲ್ಲಿ ಭಾರತದ ವಾದವೂ ಅದೇ ಆಗಿತ್ತು. ನಮ್ಮದು ಸ್ವತಂತ್ರ ರಾಜ್ಯ, ಹೊರಗಿನವರು ಕೈಹಾಕಬಾರದು ಎಂದು ನಿಜಾಮನ ಕಡೆಯವರು. ಅದು ಪ್ರತ್ಯೇಕ ರಾಷ್ಟ್ರವೇ ಅಲ್ಲ, ಮಂಡಳಿ ಕೈಹಾಕಬಾರದು ಎಂದು ನಾವು. ಬೀಗ ಯಾರ ಮನೆಯದು ಎಂಬ ಜಗಳದಲ್ಲಿ ಒಳಗಿದ್ದವರ ಗತಿ ಕೇಳುವವರಿರಲಿಲ್ಲ. ಮರುದಿನವೇ ನಿಜಾಮ ಭಾರತದ ಸೈನ್ಯಕ್ಕೆ ಶರಣಾದ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾವೂ ಹೆಮ್ಮೆಪಡಬಹುದಿತ್ತು. ಸೈನ್ಯ ಬಂದ ನಂತರದ ವಾರಗಳಲ್ಲಿ ಹಳ್ಳಿ ಹಳ್ಳಿಗಳಲ್ಲಿ ಬಡ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಳ್ಳಲಾಯಿತು. ದೆಹಲಿಯೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರನ್ನು 27,000ದಿಂದ 40,000 ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಕಡತದಲ್ಲೇ ಉಳಿಯಿತು. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸುವ ಮಂತ್ರಿಗಳ ಭಾಷಣದಲ್ಲಿ ಇದು ಬರುವುದಿಲ್ಲ. ಪಕ್ಕದ ದೇಶದ ಸರ್ಕಾರ ಬಿದ್ದಾಗ ಚಪ್ಪಾಳೆ ತಟ್ಟುವವರು, ಬಿದ್ದ ಮರುದಿನ ಅಲ್ಲಿನ ಅಲ್ಪಸಂಖ್ಯಾತರ ಬಾಗಿಲಿಗೆ ಯಾರು ಹೋಗಿ ನಿಲ್ಲುತ್ತಾರೆ ಎಂಬುದನ್ನೂ ನೋಡಬೇಕು. ಬಾಂಗ್ಲಾದ ಹಿಂದೂಗಳಿಗಾಗಿ ನಾವು ಕೇಳುವ ರಕ್ಷಣೆಗೆ ತೂಕ ಬರುವುದು ನಮ್ಮ ಇತಿಹಾಸವನ್ನೂ ನಾವೇ ಓದಿದಾಗ.

ಹಾಗಾದರೆ ನಾಯಕ ಏನು ಮಾಡಬೇಕು? 1971ರ ಮಾರ್ಚ್ 31ರಂದು ಇಂದಿರಾ ಗಾಂಧಿ ಸಂಸತ್ತಿನ ಮುಂದೆ ನಿರ್ಣಯ ತಂದರು. ಪೂರ್ವ ಬಂಗಾಳದ ಜನರ ಜೊತೆ ಇದ್ದೇವೆಂದು ಇಡೀ ಸದನ ಹೇಳಿತು. ಪಕ್ಷದ ರ‍್ಯಾಲಿಯಲ್ಲಿ ಗುಡುಗಿದ ಮಾತಾಗಿರಲಿಲ್ಲ ಅದು. ಗಡಿ ತೆರೆದಿಟ್ಟರು, ಸುಮಾರು ಒಂದು ಕೋಟಿ ಜನ ಬಂದರು. ಪೂರ್ವ ಪಾಕಿಸ್ತಾನದಿಂದ ಹೀಗೆ ಓಡಿಬಂದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ನಮ್ಮದೇ ಜಿಲ್ಲೆಯ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಪೌರತ್ವದ ಕಾಗದಕ್ಕಾಗಿ 2024ರ ತನಕ ಕಾಯಬೇಕಾಯಿತು. ಢಾಕಾದ ವಿಷಯ ರಾಯಚೂರಿಗೆ ಸಂಬಂಧವಿಲ್ಲ ಎನ್ನುವವರು ಒಮ್ಮೆ ಆ ಕ್ಯಾಂಪುಗಳಲ್ಲಿ ಸುತ್ತಾಡಿ ಬರಲಿ.

ಇನ್ನು ಮಾತಾಡುವ ಯೋಗ್ಯತೆಯ ಪ್ರಶ್ನೆ. 2020ರ ಕೊನೆಗೆ ದೆಹಲಿ ಗಡಿಯಲ್ಲಿ ರೈತರು ಕೂತಾಗ ಕೆನಡಾದ ಪ್ರಧಾನಿ ಜಸ್ಟಿನ್ ಟ್ರುಡೊ ಶಾಂತಿಯುತ ಪ್ರತಿಭಟನೆಯ ಹಕ್ಕಿನ ಪರ ಮಾತಾಡಿದರು. ಭಾರತ ಅವರ ಹೈಕಮಿಷನರನ್ನು ಕರೆಸಿ ಛೀಮಾರಿ ಹಾಕಿತು. ಟ್ರುಡೊ ಆಡಿದ ಮಾತಿನಲ್ಲಿ ತಪ್ಪೇನಿತ್ತು? ನನಗಂತೂ ಕಾಣಲಿಲ್ಲ. ಆದರೆ 2022ರ ಫೆಬ್ರುವರಿಯಲ್ಲಿ ತಮ್ಮದೇ ಲಾರಿ ಚಾಲಕರು ರಾಜಧಾನಿಯ ರಸ್ತೆ ಕಟ್ಟಿದಾಗ ಅದೇ ಟ್ರುಡೊ ತುರ್ತು ಅಧಿಕಾರದ ಕಾಯ್ದೆ ಹೊರತೆಗೆದು ಬ್ಯಾಂಕ್ ಖಾತೆಗಳನ್ನೇ ತಡೆಹಿಡಿಸಿದರು. ಊರಿಗೆಲ್ಲ ಹೇಳಿದ ಬುದ್ಧಿ ಮನೆಯಲ್ಲಿ ನೆನಪಾಗಲಿಲ್ಲ.

ನಮ್ಮವರೂ ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನ ಹುಡುಗರು ನೇಪಾಳದ ಪ್ರಧಾನಿ ಓಲಿಯವರ ಸರ್ಕಾರ ಕೆಡವಿದಾಗ ನಮ್ಮ ಪ್ರಧಾನಿ ಮರುಗಿದರು, ಸರಿ. ರಾಜ್ಯ ಸರ್ಕಾರ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರ ಕ್ಷೇಮ ವಿಚಾರಿಸಿತು, ಅದೂ ಸರಿ. ಮುಖ್ಯಮಂತ್ರಿಯ ಕೆಲಸವೇ ಅದು. ಆದರೆ ನೇಪಾಳದ ಯುವಕರ ಬಗ್ಗೆ ಮೊಬೈಲಿನಲ್ಲಿ ಪುಟಗಟ್ಟಲೆ ಬರೆದ ಎಲ್ಲ ಪಕ್ಷದ ನಾಯಕರೂ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಬಂದು ನೋಡಲಿ. ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಇಳಿದರೆ ಮಾನ್ವಿ, ಸಿರವಾರದ ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲ. ಭತ್ತ ತೆನೆ ಒಡೆಯುವ ಹೊತ್ತಿಗೆ ರೈತರು ಗೇಜ್ ಬೋರ್ಡಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಇಂಜಿನಿಯರ್ ಫೋನ್ ಎತ್ತುವುದಿಲ್ಲ, ರಸ್ತೆಗೆ ಕೂತರೆ ಪೊಲೀಸ್ ಜೀಪು ಬರುತ್ತದೆ. ಕಾಲುವೆ ದಂಡೆಗೆ ನಿಷೇಧಾಜ್ಞೆ ಹೊಸದೇನಲ್ಲ. ದೇವದುರ್ಗದವರದು ನಾರಾಯಣಪುರ ಬಲದಂಡೆ. ಕಾಲುವೆ ಬೇರೆ, ಗೋಳು ಇದೇ.

ರಾಯಚೂರು ನಗರದಲ್ಲಿ ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಧರಣಿ ಶುರುವಾಯಿತು. ಯಾರೂ ಕಲ್ಲು ಎಸೆಯಲಿಲ್ಲ, ಯಾವ ಕಟ್ಟಡಕ್ಕೂ ಬೆಂಕಿ ಬೀಳಲಿಲ್ಲ. ಹೀಗಾಗಿಯೇ ಏನೋ, 2025ರ ಆರಂಭದಲ್ಲಿ ಸಾವಿರ ದಿನ ದಾಟಿದಾಗಲೂ ದೆಹಲಿಯಿಂದ ಮಂಜೂರಾತಿ ಬಂದಿರಲಿಲ್ಲ. ಶಾಂತಿಯುತವಾಗಿ ಕೇಳಿ ಎಂದು ಕಠ್ಮಂಡುವಿಗೂ ಢಾಕಾಕ್ಕೂ ಬುದ್ಧಿ ಹೇಳುವ ದೊಡ್ಡವರು, ಶಾಂತಿಯುತವಾಗಿ ಕೇಳಿದ ಈ ಊರಿಗೆ ಕೊಟ್ಟ ಉತ್ತರವೇನು ಎಂಬುದನ್ನು ಮೊದಲು ಹೇಳಲಿ.