ಕುಡಿದಾಗ ಮುಖ ಕೆಂಪಾದರೆ ಯಾವ ಮಾತ್ರೆ?

ಒಂದು ಪೆಗ್ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಕೆಲವರ ಮುಖ ಕಾದುಬಿಡುತ್ತದೆ. ಕಿವಿ, ಕತ್ತು ಬಿಸಿಯಾಗುತ್ತವೆ, ಕಣ್ಣು ಕೆಂಪಡರುತ್ತದೆ, ಎದೆ ಡವಡವ ಎನ್ನುತ್ತದೆ, ತಲೆ ಸಿಡಿಯತೊಡಗುತ್ತದೆ. ನಮ್ಮ ಕಡೆಯ ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಹಾಗಾಗಿ ‘ಹೀಟ್ ಆಯ್ತು’ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಈಚೆಗೆ ಇದಕ್ಕೂ ಸಪ್ಲಿಮೆಂಟ್‌ಗಳು ಬಂದಿವೆ. ಕುಡಿಯುವ ಮುನ್ನ ಕ್ಯಾಪ್ಸೂಲ್ ನುಂಗಿದರೆ ಮುಖ ಕೆಂಪಾಗದು ಎಂಬ ಭರವಸೆಯೊಂದಿಗೆ ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿವೆ. ಮೈಸೂರಿನ ಓದುಗರು ಅವುಗಳಿಗೆ ದುಡ್ಡು ಸುರಿಯುವ ಮೊದಲು ಈ ಕೆಂಪು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಮದ್ಯವನ್ನು ದೇಹ ಎರಡು ಹಂತದಲ್ಲಿ ಕರಗಿಸುತ್ತದೆ. ಮೊದಲು ಅದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗುತ್ತದೆ. ಆಮೇಲೆ ಎಎಲ್‌ಡಿಎಚ್‌2 ಎಂಬ ಕಿಣ್ವ ಆ ವಿಷವನ್ನು ಹೆಚ್ಚು ಅಪಾಯವಿಲ್ಲದ ಅಸಿಟೇಟ್ ಆಗಿ ಬದಲಿಸುತ್ತದೆ. ಈ ಎರಡನೆಯ ಹಂತದ ಕಿಣ್ವ ದುರ್ಬಲವಾಗಿದ್ದರೆ ಬಚ್ಚಲ ತೂಬು ಕಟ್ಟಿಕೊಂಡ ಹಾಗೆ: ನಲ್ಲಿ ಸುರಿಯುತ್ತಲೇ ಇರುತ್ತದೆ, ನೀರು ಹೋಗಲು ದಾರಿಯಿರುವುದಿಲ್ಲ. ಅಸಿಟಾಲ್ಡಿಹೈಡ್ ರಕ್ತದಲ್ಲಿ ಏರುತ್ತದೆ, ಹಿಸ್ಟಮೀನ್ ಬಿಡುಗಡೆಯಾಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ. ಹೊರಗೆ ಕಾಣುವ ಕೆಂಪು ಇದರ ಫಲ.

ಕಿಣ್ವದ ಈ ದೌರ್ಬಲ್ಯ ಹುಟ್ಟಿನಿಂದಲೇ ಬರುವುದು ಹೆಚ್ಚಾಗಿ ಪೂರ್ವ ಏಷ್ಯಾದವರಲ್ಲಿ. ಚೀನಾ, ಜಪಾನ್, ಕೊರಿಯಾ ಮೂಲದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ಇದಿದೆ. ಜಗತ್ತಿನಲ್ಲಿ 50 ಕೋಟಿಗೂ ಮೀರಿದ ಜನರಿಗೆ. ಗೋಕುಲಂನ ಯೋಗಶಾಲೆಗಳಿಗೆ ಆ ದೇಶಗಳಿಂದ ಬರುವವರಲ್ಲಿ ಹಲವರಿಗೆ ಇದು ಅಪ್ಪ, ಅಜ್ಜನ ಕಾಲದಿಂದ ಗೊತ್ತಿರುವ ಸಂಗತಿ. ದಕ್ಷಿಣ ಭಾರತದವರಲ್ಲಿ ಮಾತ್ರ ಈ ವಂಶವಾಹಿ ತೀರಾ ಅಪರೂಪ. ಇಲ್ಲಿಯ ಒಬ್ಬರಿಗೆ ಕುಡಿದಾಗ ಮುಖ ಕಾದರೆ ಕಾರಣವನ್ನು ಬೇರೆಡೆ ಹುಡುಕುವುದೇ ಸರಿ. ಆ ಹುಡುಕಾಟಕ್ಕೆ ಆಮೇಲೆ ಬರುತ್ತೇನೆ.

ಈಗ ಮಾತ್ರೆಗಳ ವಿಷಯ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಎನ್-ಅಸಿಟೈಲ್ ಸಿಸ್ಟೀನ್, ಗ್ಲುಟಾಥಯೋನ್, ವಿಟಮಿನ್ ಸಿ, ಬಿ ಗುಂಪಿನ ವಿಟಮಿನ್‌ಗಳು, ಡೈಹೈಡ್ರೋಮಿರಿಸೆಟಿನ್ ಎಂಬ ಸಸ್ಯಸಾರ. ಸಿಸ್ಟೀನ್ ಅಸಿಟಾಲ್ಡಿಹೈಡ್ ಜೊತೆ ಅಂಟಿಕೊಳ್ಳುತ್ತದೆ ಎಂಬುದು ಪ್ರಯೋಗಾಲಯದಲ್ಲಿ ನಿಜ. ಜಠರದೊಳಗಿನ ಅಸಿಟಾಲ್ಡಿಹೈಡನ್ನು ತಗ್ಗಿಸಲು ಫಿನ್ಲೆಂಡಿನ ಸಂಶೋಧಕರು ನಿಧಾನವಾಗಿ ಕರಗುವ ಸಿಸ್ಟೀನ್ ಮಾತ್ರೆಯನ್ನೂ ಪರೀಕ್ಷಿಸಿದ್ದಾರೆ. ಆದರೆ ಜಠರದೊಳಗೆ ತಗ್ಗುವುದು ಬೇರೆ, ಇಡೀ ಸಂಜೆ ಯಕೃತ್ತಿನಿಂದ ರಕ್ತಕ್ಕೆ ಹರಿಯುವ ವಿಷವನ್ನು ಹಿಡಿಯುವುದು ಬೇರೆ. ಕಿಣ್ವ ದುರ್ಬಲವಾಗಿರುವವರನ್ನು ಮದ್ಯದ ದೀರ್ಘಕಾಲದ ಹಾನಿಯಿಂದ ಯಾವುದೇ ಸಪ್ಲಿಮೆಂಟ್ ಕಾಪಾಡಿದ್ದಕ್ಕೆ ಪುರಾವೆಯಿಲ್ಲ. ಬೆಂಗಳೂರಿನ ಹಿಮಾಲಯ ಕಂಪನಿಯ ಪಾರ್ಟಿಸ್ಮಾರ್ಟ್ ನಮ್ಮವರಿಗೆ ಪರಿಚಿತ. ಅದು ಮಾರಾಟವಾಗುವುದು ಹ್ಯಾಂಗೋವರ್‌ಗೆಂದು. ಅದನ್ನು ಈ ತೊಂದರೆಗೆ ಮದ್ದೆಂದು ತಿಳಿಯಬಾರದು. ಯಾವುದೇ ಹೆಲ್ತ್ ಸಪ್ಲಿಮೆಂಟ್ ಡಬ್ಬಿಯನ್ನು ತಿರುಗಿಸಿ ನೋಡಿ. ಇದು ಔಷಧಿಯಾಗಿ ಬಳಸಲು ಅಲ್ಲ ಎಂಬ ಸಾಲು ಲೇಬಲ್ ಮೇಲೆ ಇರಲೇಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮವೇ ಹೇಳುತ್ತದೆ. ಇನ್ನೊಂದು ಮಾತು: ಬಿ3 ವಿಟಮಿನ್‌ನ ಒಂದು ರೂಪವಾದ ನಿಕೋಟಿನಿಕ್ ಆಮ್ಲವನ್ನು ಹೆಚ್ಚು ತೆಗೆದುಕೊಂಡರೆ ಕುಡಿಯದೆಯೂ ಮುಖ ಕೆಂಪಾಗುತ್ತದೆ.

ನಿಜವಾಗಿ ಕೆಂಪನ್ನು ಇಳಿಸುವುದು ಸಪ್ಲಿಮೆಂಟ್ ಅಲ್ಲ, ಫ್ಯಾಮೋಟಿಡಿನ್‌ನಂಥ ಗ್ಯಾಸಿನ ಮಾತ್ರೆ ಮತ್ತು ಅಲರ್ಜಿಯ ಮಾತ್ರೆ. ನನಗೆ ಹೆಚ್ಚು ಭಯ ಇವುಗಳದೇ. ಅವು ಹಿಸ್ಟಮೀನನ್ನು ತಡೆಯುತ್ತವೆ, ಮುಖ ತಣ್ಣಗಾಗುತ್ತದೆ, ಅಸಿಟಾಲ್ಡಿಹೈಡ್ ಮಾತ್ರ ಇದ್ದಷ್ಟೇ ಇರುತ್ತದೆ. ಮುಖದ ಕಾವಿಗೆ ಹೆದರಿ ಒಂದಕ್ಕೇ ನಿಲ್ಲಿಸುತ್ತಿದ್ದವರು ಆಗ ನಾಲ್ಕಕ್ಕೆ ಹೋಗುತ್ತಾರೆ. ಮದ್ಯದಿಂದ ಬರುವ ಅಸಿಟಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲೇ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಈ ಕಿಣ್ವ ದುರ್ಬಲವಾಗಿದ್ದೂ ಕುಡಿಯುತ್ತಲೇ ಹೋದವರಲ್ಲಿ ಅನ್ನನಾಳದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ಜಪಾನಿನ ಅಧ್ಯಯನಗಳು ತೋರಿಸಿವೆ. ಅಲರ್ಜಿಯ ಮಾತ್ರೆಯೂ ಮದ್ಯವೂ ಸೇರಿದರೆ ತೂಕಡಿಕೆ ಇಮ್ಮಡಿಯಾಗುತ್ತದೆ. ರಾತ್ರಿ ಬೈಕ್ ಹತ್ತುವವರಿಗೆ ಅದೊಂದೇ ಸಾಕು.

ಹಾಗಾದರೆ ಇಲ್ಲಿಯವರಿಗೆ ಮುಖ ಕಾಯುವುದು ಯಾಕೆ? ರೊಸೇಶಿಯಾ ಎಂಬ ಚರ್ಮದ ಸಮಸ್ಯೆ ಇರಬಹುದು, ವೈನ್‌ನಲ್ಲಿರುವ ಹಿಸ್ಟಮೀನ್, ಸಲ್ಫೈಟ್ ಕೆಲವರಿಗೆ ಒಗ್ಗದೆ ಇರಬಹುದು. ಮೊದಲು ನೋಡಬೇಕಾದದ್ದು ಮಾತ್ರೆಯ ಪಟ್ಟಿಯನ್ನು. ಕೆ.ಆರ್. ಆಸ್ಪತ್ರೆಯ ಸುತ್ತಲಿನ ಯಾವ ಮೆಡಿಕಲ್ ಶಾಪ್‌ನಲ್ಲೂ ಸಿಗುವ, ಭೇದಿಗೂ ಹಲ್ಲಿನ ಸೋಂಕಿಗೂ ಬರೆದುಕೊಡುವ ಮೆಟ್ರೊನಿಡಜೋಲ್, ಟಿನಿಡಜೋಲ್, ಆಸ್ಪತ್ರೆಯಲ್ಲಿ ಕೊಡುವ ಸೆಫೊಪೆರಜೋನ್ ಇಂಜೆಕ್ಷನ್, ಕೆಲವು ಹಳೆಯ ಸಕ್ಕರೆ ಕಾಯಿಲೆಯ ಮಾತ್ರೆಗಳು ಮದ್ಯದ ಜೊತೆ ಇಂಥದೇ ಪ್ರತಿಕ್ರಿಯೆ ತರಬಲ್ಲವು. ಮೆಟ್ರೊನಿಡಜೋಲ್ ವಿಷಯದಲ್ಲಿ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ಕೋರ್ಸ್ ಮುಗಿದ ಮೇಲೆ ಮೂರು ದಿನ ಕುಡಿಯಬೇಡಿ ಎಂಬ ಎಚ್ಚರಿಕೆಯನ್ನು ಪಾಲಿಸುವುದರಿಂದ ಯಾರಿಗೂ ನಷ್ಟವಿಲ್ಲ.

ಇದೇ ಪ್ರತಿಕ್ರಿಯೆಯನ್ನು ಬೇಕೆಂದೇ ತರಿಸುವ ಔಷಧಿಯೂ ಇದೆ: ಡೈಸಲ್ಫಿರಾಮ್. 1940ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್ ಅದನ್ನು ಹೊಟ್ಟೆಹುಳುವಿನ ಔಷಧಿಯಾದೀತೇ ಎಂದು ತಾವೇ ನುಂಗಿ ನೋಡುತ್ತಿದ್ದರು. ಆಮೇಲೆ ಮದ್ಯ ಕುಡಿದಾಗ ಮೈ ಕೆಟ್ಟು ಕಂಗಾಲಾದರು. ಅದು ಎಎಲ್‌ಡಿಎಚ್ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕುಡಿತ ಬಿಡಲು ನಿರ್ಧರಿಸಿದವರಿಗೆ, ಅವರ ಒಪ್ಪಿಗೆಯ ಮೇಲೆ, ವೈದ್ಯರ ಕಣ್ಗಾವಲಿನಲ್ಲಿ ಇಂದಿಗೂ ಕೊಡುತ್ತಾರೆ. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಪರಿಣಾಮ ಉಳಿಯಬಹುದು.

ಅವರ ಒಪ್ಪಿಗೆಯ ಮೇಲೆ ಎಂಬ ಮಾತನ್ನು ಒತ್ತಿ ಹೇಳಲು ಕಾರಣವಿದೆ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತು ನಮ್ಮ ಊರುಗಳ ಗೋಡೆಗಳಿಗೆ ಹೊಸದೇನಲ್ಲ. ಮನೆಮಂದಿಯ ಸಂಕಟ ಅರ್ಥವಾಗುತ್ತದೆ; ದಿನಾ ಹೊಡೆತ ತಿನ್ನುವ ಹೆಂಗಸಿಗೆ ನೀತಿ ಹೇಳುವ ಹಕ್ಕು ನನಗಿಲ್ಲ. ಆದರೆ ಪುಡಿಯೊಳಗೆ ಏನಿದೆ ಎಂದು ಕೊಟ್ಟವನೂ ಹೇಳುವುದಿಲ್ಲ. ಅದು ಡೈಸಲ್ಫಿರಾಮಿನಂತೆ ಕೆಲಸ ಮಾಡುವಂಥದ್ದಾಗಿದ್ದರೆ, ತಿಳಿಯದೆ ಕುಡಿದವರ ರಕ್ತದೊತ್ತಡ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಮುಖ ಕಾಯುವುದರ ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ತಲೆಸುತ್ತಿ ಬೀಳುವುದು ಕಂಡರೆ ಮಜ್ಜಿಗೆ, ನಿಂಬೆಹಣ್ಣು ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ಏನಾದರೂ ಬೆರೆಸಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಕುಡಿತ ಬಿಡಿಸುವ ದಾರಿ ಕೇಳಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಹೋಗಲು ಸಂಕೋಚವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರಷ್ಟೇ ಅಲ್ಲ, ಅವರ ಮನೆಯವರೂ ಕರೆ ಮಾಡಬಹುದು.